ಜಿನಿಯಾಗೆ ನೀರಿಗಿಂತ ಕತ್ತರಿ ಜಾಸ್ತಿ ಬೇಕು

ಲಾಲ್‌ಬಾಗಿನ ಆಗಸ್ಟ್ ಫ್ಲವರ್ ಶೋಗೆ ಹೋದವರು ಬರಿಗೈಲಿ ವಾಪಸ್ ಬರುವುದು ಕಮ್ಮಿ. ಬ್ಯಾಗಿನ ತಳದಲ್ಲಿ ನಾಲ್ಕಾದರೂ ಬೀಜದ ಪ್ಯಾಕೆಟ್ ಇರುತ್ತವೆ. ಅದರಲ್ಲಿ ಒಂದು ಜಿನಿಯಾ. ಪ್ಯಾಕೆಟ್ ಮೇಲೆ ಕೆಂಪು, ಕಿತ್ತಳೆ, ಹಳದಿ, ರಾಣಿ ಬಣ್ಣದ ಹೂಗಳು ಒತ್ತೊತ್ತಾಗಿ ನಿಂತಿರುತ್ತವೆ. ಒಂದು ಮಸಾಲೆ ದೋಸೆಯ ದುಡ್ಡಿಗೆ ಇಷ್ಟು ಬಣ್ಣ ಸಿಗುತ್ತದೆ ಅಂದರೆ ಯಾರು ಬಿಡುತ್ತಾರೆ?

ಎರಡು ತಿಂಗಳ ನಂತರ ಅದೇ ಜನ ಫೋನ್ ತೆಗೆದು ಫೋಟೋ ತೋರಿಸುತ್ತಾರೆ. "ನೋಡಿ, ಎಲೆ ಮೇಲೆಲ್ಲ ರಂಗೋಲಿ ಪುಡಿ ಉದುರಿಸಿದ ಹಾಗಾಗಿದೆ." ಇನ್ನೊಬ್ಬರ ದೂರು ಬೇರೆ. "ಗಿಡ ಸೊಂಟದೆತ್ತರ ಬಂತು, ಹೂ ಮಾತ್ರ ಎರಡೇ." ವಿಚಾರಿಸಿದರೆ ದಿನಾ ತಪ್ಪದೆ ನೀರು ಹಾಕಿರುತ್ತಾರೆ, ವಾರಕ್ಕೊಮ್ಮೆ ಗೊಬ್ಬರ ಕೊಟ್ಟಿರುತ್ತಾರೆ. ಒಂದು ಹೂವನ್ನೂ ಕಿತ್ತಿರುವುದಿಲ್ಲ, ಗಿಡಕ್ಕೆ ನೋವಾಗುತ್ತೆ ಅಂತ. ಜಿನಿಯಾ ಕೆಡುವುದು ಹೆಚ್ಚಾಗಿ ಇಂಥ ಪ್ರೀತಿಯಿಂದಲೇ. ಯಾಕೆ ಅನ್ನುವುದನ್ನು ಬುಡದಿಂದ ನೋಡೋಣ.

ಇದು ಎಲ್ಲಿಯ ಗಿಡ?

ಜಿನಿಯಾದ ತವರು ಮೆಕ್ಸಿಕೊ ಮತ್ತು ಅದರ ಅಕ್ಕಪಕ್ಕದ ಸೀಮೆ. ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ, ಒಣ ಹುಲ್ಲುಗಾವಲಿನಂಥ ಜಾಗ. ಅಲ್ಲಿ ಮಳೆ ಬಂದಾಗ ಮೊಳೆತು, ಬೇಗ ಬೇಗ ಬೆಳೆದು, ಹೂ ಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ ಇದು. ಒಂದೇ ಹಂಗಾಮಿನ ಬದುಕು. ಮಲ್ಲಿಗೆ, ದಾಸವಾಳದ ಹಾಗೆ ವರ್ಷಗಟ್ಟಲೆ ಇರುವುದಿಲ್ಲ. ನಾಲ್ಕೈದು ತಿಂಗಳಿಗೆ ಒಣಗಿದರೆ ನಿಮ್ಮ ತಪ್ಪೇನೂ ಇಲ್ಲ, ಅದರ ಆಯಸ್ಸೇ ಅಷ್ಟು.

ಹೆಸರಿನ ಕತೆ ಸ್ವಲ್ಪ ತಮಾಷೆಯದು. 18ನೇ ಶತಮಾನದ ಜರ್ಮನಿಯಲ್ಲಿ ಯೋಹಾನ್ ಗಾಟ್‌ಫ್ರೀಡ್ ಝಿನ್ ಎಂಬ ವೈದ್ಯ ಇದ್ದ. ಸಸ್ಯಶಾಸ್ತ್ರವೂ ಗೊತ್ತಿತ್ತು, ಕಣ್ಣಿನ ರಚನೆಯ ಬಗ್ಗೆ 1755ರಲ್ಲಿ ದೊಡ್ಡ ಪುಸ್ತಕವನ್ನೂ ಬರೆದ. 1759ರಲ್ಲಿ, 31 ವರ್ಷಕ್ಕೇ ತೀರಿಕೊಂಡ. ಗಿಡಗಳಿಗೆ ಹೆಸರಿಡುತ್ತಿದ್ದ ಲಿನೇಯಸ್ ಈ ಹೂವಿಗೆ ಅವನ ಹೆಸರಿಟ್ಟ. ಕಣ್ಣಿನೊಳಗಿನ ಮಸೂರವನ್ನು ಸುತ್ತಲಿಂದ ಹಿಡಿದಿಡುವ ಸಣ್ಣ ಎಳೆಗಳಿಗೂ ಝಿನ್ ಹೆಸರೇ ಇದೆ. ಹಾಗಾಗಿ ಪೊರೆ ಆಪರೇಷನ್ ಮಾಡುವ ಡಾಕ್ಟರಿಗೂ ಹೂವಿನ ಕುಂಡ ಇಟ್ಟವರಿಗೂ ಇವನು ಒಂದೇ ಥರ ಪರಿಚಯದವನು.

ಒಂದು ಹೂವಲ್ಲ, ಒಂದು ಜಾತ್ರೆ

ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂ ಇವೆಲ್ಲ ಜಿನಿಯಾದ ನೆಂಟರು. ಈ ಮನೆತನದ ಗುಟ್ಟು ಏನೆಂದರೆ, ನಾವು ಒಂದು ಹೂ ಅಂತ ಕರೆಯುವುದು ನಿಜಕ್ಕೂ ಹತ್ತಾರು, ಕೆಲವೊಮ್ಮೆ ನೂರಾರು ಪುಟ್ಟ ಹೂಗಳ ಗುಂಪು. ಸೂರ್ಯಕಾಂತಿಯ ತಟ್ಟೆಯಲ್ಲಿ ಅಷ್ಟೊಂದು ಬೀಜ ಎಲ್ಲಿಂದ ಬರುತ್ತವೆ? ಒಂದೊಂದು ಬೀಜವೂ ಒಂದೊಂದು ಪುಟ್ಟ ಹೂವಿನದು.

ಒಂಟಿ ಸುತ್ತಿನ ಜಿನಿಯಾ ಒಂದನ್ನು ಕಿತ್ತು ಪೇಪರ್ ಮೇಲಿಟ್ಟು ಬಿಡಿಸಿ ನೋಡಿ. ಹೊರಗಿನ ಬಣ್ಣದ ಎಸಳನ್ನು ಮೆಲ್ಲಗೆ ಎಳೆದರೆ ಅದರ ಬುಡದಲ್ಲಿ ಬಾಣದ ಮೊನೆಯಂಥದ್ದೊಂದು ಅಂಟಿಕೊಂಡು ಬರುತ್ತದೆ. ಅದು ಎಳೆ ಬೀಜ. ಅಂದರೆ ಒಂದು ಎಸಳು ಎಂದುಕೊಂಡದ್ದೇ ಒಂದು ಪೂರ್ತಿ ಹೂ, ಹೆಣ್ಣು ಹೂ. ಮಧ್ಯದಲ್ಲಿ ಹಳದಿ ನಕ್ಷತ್ರಗಳನ್ನು ಉಂಗುರದ ಹಾಗೆ ಪೋಣಿಸಿದಂತೆ ಕಾಣುತ್ತದಲ್ಲ, ಅವು ಗಂಡು ಹೆಣ್ಣು ಎರಡೂ ಇರುವ ಹೂಗಳು. ಪರಾಗ, ಜೇನು ಸಿಗುವುದು ಅಲ್ಲೇ. ಚಿಟ್ಟೆ ಬಂದು ಕೂರುವುದು ಬಣ್ಣದ ಎಸಳಿನ ಮೇಲೆ, ನಾಲಿಗೆ ಇಳಿಸುವುದು ಈ ಹಳದಿ ನಕ್ಷತ್ರಗಳಿಗೆ.

ಇಷ್ಟು ಗೊತ್ತಾದರೆ "ಡಬಲ್" ಅನ್ನುವುದೂ ಅರ್ಥವಾಗುತ್ತದೆ. ಡಬಲ್ ಜಿನಿಯಾದಲ್ಲಿ ಮಧ್ಯದ ನಕ್ಷತ್ರಗಳ ಜಾಗವನ್ನೆಲ್ಲ ಬಣ್ಣದ ಎಸಳುಗಳೇ ತುಂಬಿಕೊಂಡಿರುತ್ತವೆ. ನೋಡಲು ಡೇರೆ ಹೂವಿನಷ್ಟು ದಪ್ಪ. ಆದರೆ ಚಿಟ್ಟೆ, ಜೇನುಹುಳಕ್ಕೆ ಅಲ್ಲಿ ಊಟ ಕಮ್ಮಿ. ಸೌತೆ, ಹಾಗಲ ಬಳ್ಳಿ ಇರುವ ತೋಟದಲ್ಲಿ ದುಂಬಿಗಳನ್ನು ಕರೆಸಲೆಂದು ಜಿನಿಯಾ ಹಾಕುವವರು ಒಂಟಿ ಸುತ್ತಿನದನ್ನೇ ಹಾಕುವುದು ಒಳ್ಳೆಯದು. ಹೂದಾನಿಗೆ ಬೇಕು ಅನ್ನುವವರಿಗೆ ಡಬಲ್.

ಪ್ಯಾಕೆಟ್ ಮೇಲಿನ ಮಾತುಗಳು

ಹೆಚ್ಚಾಗಿ ಸಿಗುವುದು ಎಲಿಗನ್ಸ್ ಜಾತಿ. ಇದರಲ್ಲೇ ಒಂದಡಿಯ ಗಿಡ್ಡ ತಳಿ, ಮೂರಡಿ ದಾಟುವ ಎತ್ತರದ ತಳಿ ಎರಡೂ ಇವೆ. "ಡ್ವಾರ್ಫ್" ಅಂತ ಬರೆದಿದ್ದರೆ ಗಿಡ್ಡ, ಬಾಲ್ಕನಿಗೆ ಸರಿ. ಎತ್ತರದವು ನೆಲದ ಪಾತಿಗೆ ಅಥವಾ 12 ಇಂಚಿನ ಕುಂಡಕ್ಕೆ. ಸಣ್ಣ ಎಲೆಯ, ಸಣ್ಣ ಹೂವಿನ ಅಂಗುಸ್ಟಿಫೋಲಿಯಾ ಅಂತ ಇನ್ನೊಂದು ಜಾತಿ ಇದೆ. ಅದಕ್ಕೆ ಎಲೆ ಮೇಲೆ ಬಿಳಿ ಪುಡಿ ಕೂರುವ ಬೂದಿ ರೋಗ ಅಷ್ಟಾಗಿ ಹತ್ತುವುದಿಲ್ಲ. ಇವೆರಡನ್ನೂ ಕೂಡಿಸಿ ಮಾಡಿದ್ದು ಪ್ರೊಫ್ಯೂಷನ್ ಸಾಲಿನ ತಳಿಗಳು. ಹೂ ಚಿಕ್ಕದು, ಗಿಡ ಗಟ್ಟಿ.

"ಎಫ್1 ಹೈಬ್ರಿಡ್" ಅಂದರೆ ಎರಡು ಬೇರೆ ಬೇರೆ ಗಿಡಗಳನ್ನು ಬೇಕೆಂದೇ ಕೂಡಿಸಿ ಪಡೆದ ಮೊದಲ ತಲೆಮಾರಿನ ಬೀಜ. ಆ ಬೀಜದ ಗಿಡಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಇರುತ್ತವೆ. ಅದರಿಂದ ನೀವು ತೆಗೆದ ಬೀಜದ ಗಿಡಗಳು ಹಾಗಿರುವುದಿಲ್ಲ, ಒಂದು ಅಜ್ಜಿಯ ಹಾಗೆ, ಒಂದು ಸೋದರಮಾವನ ಹಾಗೆ ಬರುತ್ತವೆ. ಬೀಜ ಎತ್ತಿಡುವ ಆಸೆ ಇದ್ದರೆ ಎಫ್1 ಅಲ್ಲದ ಪ್ಯಾಕೆಟ್ ತಗೊಳ್ಳಿ. ಇನ್ನೊಂದು ಮಾತು. ನೀಲಿ ಜಿನಿಯಾ ಅಂತ ಯಾರಾದರೂ ಮಾರಿದರೆ ದುಡ್ಡು ಕೊಡಬೇಡಿ. ಹಸಿರು ಜಿನಿಯಾ ಇದೆ, ನೀಲಿ ಇಲ್ಲ.

ಬಿತ್ತುವುದು

ನಮ್ಮ ಕಡೆ ಜಿನಿಯಾಗೆ ತುಂಬಾ ಚಳಿಯ ತೊಂದರೆ ಇಲ್ಲ, ಹಾಗಾಗಿ ಹೆಚ್ಚುಕಮ್ಮಿ ವರ್ಷವಿಡೀ ಬಿತ್ತಬಹುದು. ಮಳೆ ಹದವಾಗಿರುವ ಬಯಲು ಸೀಮೆಯಲ್ಲಿ ಜೂನ್, ಜುಲೈ ಆಗುತ್ತದೆ. ಮಳೆ ಕಮ್ಮಿಯಾಗುವ ಸೆಪ್ಟೆಂಬರ್, ಅಕ್ಟೋಬರ್ ಇನ್ನೂ ಒಳ್ಳೆಯದು. ಮಲೆನಾಡು, ಕರಾವಳಿಯವರು ಜಡಿಮಳೆ ಮುಗಿಯುವವರೆಗೆ ಕಾಯುವುದೇ ಸರಿ. ಹಗಲು ಚಿಕ್ಕದಾದಾಗ ಜಿನಿಯಾ ಸ್ವಲ್ಪ ಬೇಗ ಹೂ ಬಿಡುತ್ತದೆ, ಗಿಡವೂ ಗಿಡ್ಡಗೆ ಉಳಿಯುತ್ತದೆ. ಅದಕ್ಕೇ ಚಳಿಗಾಲದ ಗಿಡ, ಬೇಸಿಗೆಯ ಗಿಡ ಒಂದೇ ಪ್ಯಾಕೆಟ್ಟಿನದಾದರೂ ಒಂದೇ ಥರ ಕಾಣುವುದಿಲ್ಲ.

ಜಾಗಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ಇದರಲ್ಲಿ ಚೌಕಾಸಿ ಇಲ್ಲ. ನೆರಳಿನಲ್ಲಿ ಗಿಡ ಬೆಳಕು ಹುಡುಕುತ್ತಾ ಸಣಕಲಾಗಿ ಉದ್ದವಾಗುತ್ತದೆ, ಹೂ ಕಟ್ಟುವುದಿಲ್ಲ. ಕುಂಡಕ್ಕಾದರೆ ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಜೊತೆಗೆ ಸ್ವಲ್ಪ ಮರಳು ಇಲ್ಲವೇ ಕೋಕೋಪೀಟ್ ಸಾಕು. ಎರೆಮಣ್ಣಿನ ಊರಿನವರು ಮರಳು, ಗೊಬ್ಬರ ಜಾಸ್ತಿ ಸೇರಿಸಿ, ಮಡಿ ಸ್ವಲ್ಪ ಎತ್ತರ ಮಾಡಿಕೊಳ್ಳಬೇಕು. ಆ ಮಣ್ಣು ನೀರು ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ, ಗೊತ್ತಲ್ವಾ.

ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಇಟ್ಟು, ಮೇಲೆ ಪುಡಿ ಮಣ್ಣು ಉದುರಿಸಿ. ನಾಲ್ಕರಿಂದ ಏಳು ದಿನದಲ್ಲಿ ಮೊಳಕೆ ಕಾಣುತ್ತದೆ. ಸಾಧ್ಯವಾದರೆ ಬೆಳೆಯುವ ಜಾಗದಲ್ಲೇ ಬಿತ್ತಿ. ಬೇರು ಅಲ್ಲಾಡಿಸುವುದು ಇದಕ್ಕೆ ಅಷ್ಟು ಇಷ್ಟವಿಲ್ಲ. ಟ್ರೇನಲ್ಲಿ ಸಸಿ ಮಾಡಿದರೆ ಎರಡು ಜೊತೆ ಎಲೆ ಬಂದ ಕೂಡಲೇ, ಬೇರಿನ ಮಣ್ಣು ಉದುರದ ಹಾಗೆ ನಾಟಿ ಮಾಡಿ. ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಡಿ. ಸಸಿ ಸಣ್ಣದಿರುವಾಗ ಆ ಒಂದಡಿ ದಂಡ ಅನಿಸುತ್ತದೆ. ತಿಂಗಳಾದ ಮೇಲೆ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಮಾತ್ರ ರಾತ್ರಿ ಒಮ್ಮೆ ಟಾರ್ಚ್ ಹಿಡಿದು ನೋಡಿ. ಬಸವನಹುಳು ಒಂದೇ ರಾತ್ರಿಯಲ್ಲಿ ಸಾಲು ಸಸಿಗಳನ್ನು ಕಡ್ಡಿ ಮಾಡಿಡುತ್ತದೆ. ಕೈಗೆ ಕವರ್ ಹಾಕಿಕೊಂಡು ಆರಿಸಿ ಉಪ್ಪು ನೀರಿಗೆ ಹಾಕುವುದು ಹಳೆಯ ಉಪಾಯ, ಈಗಲೂ ಕೆಲಸ ಮಾಡುತ್ತದೆ.

ಬಾಹ್ಯಾಕಾಶದಲ್ಲೂ ನೀರು ಜಾಸ್ತಿಯಾಯ್ತು

ನೀರಿನ ವಿಷಯದಲ್ಲಿ ಎಡವುವುದು ನಾವು ಮಾತ್ರ ಅಲ್ಲ. 2015ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಜಿನಿಯಾ ಬೆಳೆಯಲು ಶುರು ಮಾಡಿದರು. ವೆಜ್ಜಿ ಅಂತ ಅಲ್ಲೊಂದು ಗಿಡ ಬೆಳೆಸುವ ಪೆಟ್ಟಿಗೆ ಇದೆ. ಅದರಲ್ಲಿ ಮೊದಲು ಲೆಟಿಸ್ ಸೊಪ್ಪು ಬೆಳೆದಿದ್ದರು. ಸೊಪ್ಪಿಗಿಂತ ಹೂವಿಗೆ ಹೆಚ್ಚು ದಿನ ಬೇಕು, ಬೆಳಕು ನೀರು ಹೆಚ್ಚುಕಮ್ಮಿಯಾದರೆ ಜಿನಿಯಾ ಬೇಗ ತೋರಿಸಿಕೊಡುತ್ತದೆ. ಮುಂದೆ ಟೊಮೆಟೊ ಬೆಳೆಯುವ ಮೊದಲು ಇದು ಒಳ್ಳೆಯ ಅಭ್ಯಾಸ ಅಂತ ನಾಸಾದವರ ಲೆಕ್ಕ.

ಡಿಸೆಂಬರ್ ಹೊತ್ತಿಗೆ ಎಲೆಗಳ ಅಂಚಿನಿಂದ ನೀರು ಜಿನುಗತೊಡಗಿತು. ಎಲೆ ಮುದುಡಿತು. ಆಮೇಲೆ ಬೂಷ್ಟು ಬಂತು. ಭೂಮಿಯ ಮೇಲೆ ಹೆಚ್ಚಾದ ನೀರು ಕೆಳಗೆ ಇಳಿದು ಹೋಗುತ್ತದೆ. ಅಲ್ಲಿ ತೂಕವೇ ಇಲ್ಲದ್ದರಿಂದ ನೀರು ಬೇರಿಗೆ, ಕಾಂಡಕ್ಕೆ ಗುಳ್ಳೆಯ ಹಾಗೆ ಅಂಟಿಕೊಂಡು ನಿಲ್ಲುತ್ತದೆ. ಒಣಗಲಿ ಅಂತ ಫ್ಯಾನ್ ಜೋರು ಮಾಡಿದರು. ಈಗ ಗಿಡಗಳು ಬಾಡತೊಡಗಿದವು. ಗಗನಯಾತ್ರಿ ಸ್ಕಾಟ್ ಕೆಲ್ಲಿ ಡಿಸೆಂಬರ್ 24ರಂದು ನೀರು ಹಾಕಬೇಕು ಅಂದರೆ, ಕೆಳಗಿನವರ ವೇಳಾಪಟ್ಟಿಯಲ್ಲಿ ನೀರಿನ ದಿನ 27 ಅಂತ ಇತ್ತು. ಕೊನೆಗೆ ಅವರಿಗೆ ಒಂದು ಪುಟದ ಸೂಚನೆ ಕಳಿಸಿ, ನೀರು ಯಾವಾಗ ಅನ್ನುವುದನ್ನು ಗಿಡ ನೋಡಿ ನೀವೇ ತೀರ್ಮಾನ ಮಾಡಿ ಅಂದರು. ಕೆಲವು ಗಿಡ ಸತ್ತವು, ಉಳಿದವು ಚೇತರಿಸಿಕೊಂಡವು. 2016ರ ಜನವರಿ 16ರಂದು ಕೆಲ್ಲಿ ಹಾಕಿದ ಕಿತ್ತಳೆ ಬಣ್ಣದ ಹೂವಿನ ಫೋಟೋ ಜಗತ್ತೆಲ್ಲ ಓಡಾಡಿತು. ಬಾಹ್ಯಾಕಾಶದಲ್ಲಿ ಅರಳಿದ ಮೊಟ್ಟಮೊದಲ ಹೂ ಅಂತ ಆಗ ಸುದ್ದಿಯಾಯಿತು, ಅದು ನಿಜವಲ್ಲ. 2012ರಲ್ಲೇ ಅಲ್ಲಿ ಸೂರ್ಯಕಾಂತಿ ಅರಳಿತ್ತು.

ಕುಂಡದಲ್ಲಿ ಬೆಳೆಸುವವರಿಗೆ ಈ ಕತೆ ಹತ್ತಿರದ್ದು. ತಳದಲ್ಲಿ ತೂತಿಲ್ಲದ ಕುಂಡ ಅಂದರೆ ಒಂಥರಾ ಬಾಹ್ಯಾಕಾಶ ನಿಲ್ದಾಣವೇ, ನೀರಿಗೆ ಹೋಗಲು ದಾರಿ ಇಲ್ಲ. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿ ಗಾಳಿ ಇರುತ್ತದೆ, ಬೇರು ಉಸಿರಾಡುವುದು ಅದನ್ನೇ. ಸಂದಿ ಪೂರ್ತಿ ನೀರು ತುಂಬಿದರೆ ಬೇರಿಗೆ ಉಸಿರು ಕಟ್ಟುತ್ತದೆ, ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು, ಗಿಡ ಬಾಡುತ್ತದೆ. ಬಾಡಿತು ಅಂತ ನಾವು ಇನ್ನೊಂದು ಚೊಂಬು ಸುರಿಯುತ್ತೇವೆ.

ಹಾಗಾಗಿ ವಾರಕ್ಕೆ ಎಷ್ಟು ಸಲ ಅಂತ ಕೇಳಬೇಡಿ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಒಳಗೆ ಹಸಿ ಇದ್ದರೆ ಸುಮ್ಮನೆ ಎದ್ದು ಬನ್ನಿ. ಒಣಗಿದ್ದರೆ ತಳದಿಂದ ನೀರು ಇಳಿಯುವಷ್ಟು ಹಾಕಿ, ಬೆಳಿಗ್ಗೆ, ಬುಡಕ್ಕೆ ಮಾತ್ರ. ಏಪ್ರಿಲ್‌ನ ತಾರಸಿಯಲ್ಲಿ ದಿನಾ ಬೇಕಾಗಬಹುದು, ಜುಲೈನಲ್ಲಿ ವಾರಗಟ್ಟಲೆ ಬೇಡದೆಯೂ ಇರಬಹುದು. ಗೊಬ್ಬರದ್ದೂ ಇದೇ ಕತೆ. ಸಾರಜನಕ ಜಾಸ್ತಿಯಾದರೆ ಎಲೆ ಸೊಂಪಾಗುತ್ತದೆ, ಹೂ ತಡವಾಗುತ್ತದೆ. ಮಣ್ಣು ಕಲಸುವಾಗ ಹಾಕಿದ ಗೊಬ್ಬರದ ಮೇಲೆ, ಮೊಗ್ಗು ಬಂದಾಗ ಒಂದು ಹಿಡಿ ಎರೆಹುಳು ಗೊಬ್ಬರ ಕೊಟ್ಟರೆ ಆಯಿತು.

ಕುಡಿ ಚಿವುಟುವುದು ಯಾಕೆ?

ಕಲಬುರಗಿ ಕಡೆಯ ತೊಗರಿ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಅವರು ತೊಗರಿಯ ಕುಡಿ ಚಿವುಟುತ್ತಾರೆ, ಅದಕ್ಕೆ ಬ್ಯಾಟರಿ ಯಂತ್ರಗಳೇ ಬಂದಿವೆ. ಜಿನಿಯಾದಲ್ಲೂ ಕೆಲಸ ಮಾಡುವುದು ಅದೇ ಲೆಕ್ಕ.

ಗಿಡದ ತುದಿಯ ಚಿಗುರು ಆಕ್ಸಿನ್ ಎಂಬ ರಸವನ್ನು ತಯಾರಿಸಿ ಕೆಳಕ್ಕೆ ಕಳಿಸುತ್ತಿರುತ್ತದೆ. ಅದು ಕೆಳಗಿನ ಗೆಣ್ಣುಗಳಲ್ಲಿ ಮಲಗಿರುವ ಮೊಗ್ಗುಗಳನ್ನು ಏಳದಂತೆ ತಡೆಯುತ್ತದೆ. ಟೀಚರ್ ಕ್ಲಾಸಿನಲ್ಲಿ ಇರುವವರೆಗೆ ಮಕ್ಕಳು ತೆಪ್ಪಗೆ ಕೂತಿರುತ್ತಾರಲ್ಲ, ಹಾಗೆ. ಟೀಚರ್ ಆಚೆ ಹೋದ ಗಳಿಗೆಯಲ್ಲೇ ಎಲ್ಲರೂ ಎದ್ದು ನಿಲ್ಲುತ್ತಾರೆ. ಜಿನಿಯಾದ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಒಂದೊಂದು ಎಲೆಯ ಕಂಕುಳಲ್ಲಿ ಒಂದೊಂದು ಮೊಗ್ಗು. ತುದಿ ತೆಗೆದರೆ ಪ್ರತಿ ಗೆಣ್ಣಿನಲ್ಲೂ ಎರಡು ಕೊಂಬೆ ಏಳಬಹುದು.

ಗಿಡ ಒಂದು ಗೇಣು ದಾಟಿ, ಮೂರು ನಾಲ್ಕು ಜೊತೆ ಎಲೆ ಬಂದಾಗ ಮೇಲಿನ ತುದಿಯನ್ನು, ಒಂದು ಜೊತೆ ಎಲೆಯ ಸ್ವಲ್ಪ ಮೇಲಕ್ಕೆ, ಉಗುರಿನಿಂದ ಚಿವುಟಿ. ಮೊದಲ ಹೂ ವಾರ ಹತ್ತು ದಿನ ತಡವಾಗುತ್ತದೆ. ನಾನು ಮೊದಲ ಸಲ ಚಿವುಟುವಾಗ ತುದಿಯಲ್ಲಿ ಆಗಲೇ ಮೆಣಸಿನ ಕಾಳಿನಷ್ಟು ಮೊಗ್ಗು ಬಂದಿತ್ತು. ಮನಸ್ಸು ಬರಲಿಲ್ಲ. ನಾಲ್ಕು ಗಿಡದಲ್ಲಿ ಮೂರನ್ನು ಚಿವುಟಿ ಒಂದನ್ನು ಹಾಗೇ ಬಿಟ್ಟೆ. ಬಿಟ್ಟದ್ದರಲ್ಲಿ ಹೂ ಮೊದಲು ಬಂತು, ಒಂದು ದೊಡ್ಡ ಹೂ, ಗಾಳಿಗೆ ಓಲಾಡುವ ಉದ್ದ ಕಡ್ಡಿಯ ಮೇಲೆ. ಉಳಿದ ಮೂರೂ ಗಿಡ ಒಂದು ತಿಂಗಳೊಳಗೆ ಪೊದೆಯಾದವು. ಒಂದರಲ್ಲಿ ಎಣಿಸಿದಾಗ ಹನ್ನೊಂದು ಮೊಗ್ಗು ಇದ್ದವು.

ಹೂ ಕೊಯ್ಯುವುದರ ಹಿಂದೆಯೂ ಇದೇ ತರ್ಕ ಇದೆ, ಜೊತೆಗೆ ಇನ್ನೊಂದು ಸೇರುತ್ತದೆ. ಗಿಡ ಹೂ ಬಿಡುವುದು ಬೀಜಕ್ಕಾಗಿ. ಹೂ ಗಿಡದಲ್ಲೇ ಒಣಗಿ ಬೀಜ ಕಟ್ಟಿದರೆ ಶಕ್ತಿ ಅತ್ತ ಹೋಗುತ್ತದೆ, ಹೊಸ ಮೊಗ್ಗು ಕಮ್ಮಿಯಾಗುತ್ತದೆ. ಬೀಜ ಆಗುವ ಮೊದಲೇ ಕತ್ತರಿಸಿದರೆ ಗಿಡ ಮತ್ತೆ ಪ್ರಯತ್ನಿಸುತ್ತದೆ. ಬರೀ ತಲೆ ಕಿತ್ತರೆ ಸಾಲದು. ಕೆಳಗಿನ ಎಲೆ ಜೋಡಿಯವರೆಗೆ ಹೋಗಿ ಅದರ ಮೇಲೆ ಕತ್ತರಿಸಿ, ಅಲ್ಲಿಂದ ಎರಡು ಕೊಂಬೆ ಬರುತ್ತವೆ.

ಹೂದಾನಿಗೆ ಕೊಯ್ಯುವುದಾದರೆ ಮೊದಲು ಅಲ್ಲಾಡಿಸಿ ನೋಡಬೇಕು. ಹೂವಿನಿಂದ ಒಂದು ಗೇಣು ಕೆಳಗೆ ಕಡ್ಡಿ ಹಿಡಿದು ಮೆಲ್ಲಗೆ ಆಡಿಸಿ. ಕತ್ತು ಲೊಡಲೊಡ ಅಂದರೆ ಇನ್ನೂ ಎಳೆಯದು. ಈಗ ಕೊಯ್ದರೆ ನೀರಲ್ಲಿಟ್ಟರೂ ತಲೆ ಬಗ್ಗಿಸುತ್ತದೆ. ಕಡ್ಡಿ ಕೋಲಿನ ಹಾಗೆ ನೆಟ್ಟಗೆ ನಿಂತರೆ ಕೊಯ್ಯಬಹುದು. ನೀರಿಗೆ ಮುಳುಗುವ ಎಲೆಗಳನ್ನೆಲ್ಲ ತೆಗೆದು, ಎರಡು ದಿನಕ್ಕೊಮ್ಮೆ ನೀರು ಬದಲಿಸಿದರೆ ವಾರ ಇರುತ್ತದೆ. ಫ್ರಿಜ್ಜಿನಲ್ಲಿ ಇಡಬೇಡಿ, ಜಿನಿಯಾಗೆ ಆ ಚಳಿ ಆಗುವುದಿಲ್ಲ.

ಬಿಳಿ ಪುಡಿ ಬೇರೆ, ಕಂದು ಚುಕ್ಕೆ ಬೇರೆ

ಎಲೆಯ ಮೇಲಿನ ರಂಗೋಲಿ ಪುಡಿಗೆ ಬೂದಿ ರೋಗ ಅನ್ನುತ್ತಾರೆ. ಅದೊಂದು ಶಿಲೀಂಧ್ರ. ಬೂಷ್ಟಿನ ಜಾತಿಯವು ಸಾಮಾನ್ಯವಾಗಿ ಒದ್ದೆ ಎಲೆ ಹುಡುಕುತ್ತವೆ, ಇದು ಹಾಗಲ್ಲ. ಎಲೆ ಒಣಗಿದ್ದರೂ ಸರಿ, ಸುತ್ತಲಿನ ಗಾಳಿಯಲ್ಲಿ ತೇವ ಇದ್ದರೆ ಸಾಕು. ಹಗಲು ಬೆಚ್ಚಗೆ, ರಾತ್ರಿ ತಂಪು, ಗಿಡಗಳು ಒತ್ತೊತ್ತಾಗಿ ಇರುವ ಕಡೆ ಬೇಗ ಹರಡುತ್ತದೆ. ಅದಕ್ಕೇ ಮಳೆ ನಿಂತು ಇಬ್ಬನಿ ಶುರುವಾದ ಮೇಲೆ ಇದು ಜಾಸ್ತಿ.

ಕೆಂಗಂದು ಚುಕ್ಕೆಗಳಾದರೆ ಕತೆ ಬೇರೆ. ನಡುವೆ ಬೂದು ಬಣ್ಣ ಬರುವ ದುಂಡು ಚುಕ್ಕೆ ಆಲ್ಟರ್ನೇರಿಯಾ ಶಿಲೀಂಧ್ರದ್ದು. ಮೂಲೆ ಮೂಲೆಯಾಗಿ, ಸುತ್ತ ಹಳದಿ ಅಂಚು ಇರುವುದು ಬ್ಯಾಕ್ಟೀರಿಯಾದ್ದು. ಇವೆರಡಕ್ಕೂ ಎಲೆ ಒದ್ದೆಯಿರಬೇಕು. ಪೈಪಿನಿಂದ ಮೇಲಿಂದ ನೀರು ಹೊಡೆದಾಗ ಹನಿ ಸಿಡಿದು ಒಂದು ಎಲೆಯಿಂದ ಇನ್ನೊಂದಕ್ಕೆ ಹೋಗುತ್ತವೆ. ಬೀಜದ ಜೊತೆಗೂ ಬರುತ್ತವೆ, ಹಾಗಾಗಿ ಚುಕ್ಕೆ ಬಿದ್ದ ಗಿಡದಿಂದ ಬೀಜ ಎತ್ತಿಡಬಾರದು.

ಬುಡಕ್ಕೆ ಮಾತ್ರ ನೀರು ಅನ್ನುವುದು ಚುಕ್ಕೆ ರೋಗಕ್ಕೆ ಉಪಾಯ. ಒಂದಡಿ ಅಂತರ ಅನ್ನುವುದು ಎರಡಕ್ಕೂ. ಬೂದಿ ಮೊದಲು ಕಾಣುವುದು ಹೆಚ್ಚಾಗಿ ಕೆಳಗಿನ ಹಳೆ ಎಲೆಗಳಲ್ಲಿ. ಅಲ್ಲೇ ಕಿತ್ತು ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಬೆಳಿಗ್ಗೆ ಸಿಂಪಡಿಸಿದರೆ ಹರಡುವುದು ತಗ್ಗುತ್ತದೆ. ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪು ಬೆರೆಸಿಯೂ ಹೊಡೆಯಬಹುದು. ಗೊಬ್ಬರದ ಅಂಗಡಿಯಲ್ಲಿ ನೀರಲ್ಲಿ ಕರಗುವ ಗಂಧಕ ಸಿಗುತ್ತದೆ, ಲೀಟರಿಗೆ 2 ಗ್ರಾಂ ಸಾಕು. ಆದರೆ ಸುಡುಬಿಸಿಲಿನಲ್ಲಿ ಬೇಡ. ಎಣ್ಣೆ ಹೊಡೆದ ಎರಡು ವಾರದೊಳಗೂ ಬೇಡ, ಎಲೆ ಸುಡುತ್ತದೆ. ಗಿಡಕ್ಕೆ ಆಗಲೇ ಮೂರು ನಾಲ್ಕು ತಿಂಗಳಾಗಿದ್ದು ಮೈತುಂಬ ಬೂದಿ ಹಿಡಿದಿದ್ದರೆ ಔಷಧಿಗೆ ದುಡ್ಡು ಸುರಿಯುವುದಕ್ಕಿಂತ ಕಿತ್ತು ಹೊಸದಾಗಿ ಬಿತ್ತುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಬೀಜ ಎತ್ತಿಡುವುದು

ಹಂಗಾಮು ಮುಗಿಯುವಾಗ ಗಟ್ಟಿ ಗಿಡದ ನಾಲ್ಕೈದು ಒಳ್ಳೆ ಹೂಗಳನ್ನು ಕತ್ತರಿಸದೆ ಬಿಡಿ. ಹೂ ಪೂರ್ತಿ ಕಂದಾಗಿ, ಅದರ ಕೆಳಗಿನ ಕಡ್ಡಿಯೂ ಒಣಗಿದ ಮೇಲೆ ಕೊಯ್ಯಿರಿ. ಗುಬ್ಬಿ, ರಾಟವಾಳಗಳ ಕಣ್ಣೂ ಅದರ ಮೇಲಿರುತ್ತದೆ, ಬೇಕಿದ್ದರೆ ತೆಳು ಬಟ್ಟೆ ಕಟ್ಟಿ. ಮಳೆ ಬರುವ ಹಾಗಿದ್ದರೆ ಸ್ವಲ್ಪ ಮೊದಲೇ ತಂದು ಒಳಗೆ ತಲೆಕೆಳಗಾಗಿ ನೇತುಹಾಕಿ. ಒದ್ದೆಯಾದರೆ ಗಿಡದಲ್ಲೇ ಮೊಳೆಯುತ್ತದೆ, ಇಲ್ಲವೇ ಕೊಳೆಯುತ್ತದೆ.

ಒಣಗಿದ ತಲೆಯನ್ನು ಪೇಪರ್ ಮೇಲೆ ಕೈಯಲ್ಲಿ ಉಜ್ಜಿದರೆ ಎರಡು ಥರ ಬೀಜ ಬೀಳುತ್ತವೆ. ಒಣ ಎಸಳು ಅಂಟಿಕೊಂಡಿರುವ ಬಾಣದ ಮೊನೆಯವು ಹೊರ ಸುತ್ತಿನದು. ಚಪ್ಪಟೆಯಾಗಿ, ತಲೆಯಲ್ಲಿ ಸಣ್ಣ ಕಚ್ಚು ಇರುವವು ಹಳದಿ ನಕ್ಷತ್ರಗಳದ್ದು. ಎರಡೂ ಮೊಳೆಯುತ್ತವೆ. ಉಳಿದದ್ದು ಹೊಟ್ಟು. ಒಂದೊಂದನ್ನು ಉಗುರಿನ ಕೆಳಗೆ ಒತ್ತಿ ನೋಡಿ, ಗಟ್ಟಿಯಿದ್ದರೆ ಕಾಳು, ಕಾಗದದ ಹಾಗೆ ಮಡಚಿಕೊಂಡರೆ ಜೊಳ್ಳು. ಹೊಟ್ಟು ಊದಿ ಕಳೆದು, ನೆರಳಲ್ಲಿ ವಾರ ಒಣಗಿಸಿ, ಪ್ಲಾಸ್ಟಿಕ್ ಬದಲು ಪೇಪರ್ ಕವರಿನಲ್ಲಿ ಹಾಕಿ. ತೇವ ತಗುಲದಿದ್ದರೆ ಎರಡು ಮೂರು ವರ್ಷ ಬರುತ್ತದೆ. ಕವರ್ ಮೇಲೆ ತಿಂಗಳು, ಬಣ್ಣ ಬರೆದಿಡಿ. ಬಣ್ಣದ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯೂ ಇರಲಿ, ಯಾವ ದುಂಬಿ ಯಾವ ಹೂವಿನಿಂದ ಎದ್ದು ಬಂದು ಅದರ ಮೇಲೆ ಕೂತಿತ್ತೋ ನಿಮಗೆ ಗೊತ್ತಿರುವುದಿಲ್ಲ.